ಮೊಣಕಾಲು ಬದಲಿಸುವ ಮೊದಲು ಶಸ್ತ್ರವೈದ್ಯರನ್ನು ಏನು ಕೇಳಬೇಕು?

ಪ್ರಶ್ನೆ: ನಮ್ಮ ತಾಯಿಗೆ 62 ವರ್ಷ. ನಾವು ಬ್ಯಾಡಗಿ ತಾಲ್ಲೂಕಿನ ಹಳ್ಳಿಯವರು. ತಾಯಿ ಹೊಲದ ಕೆಲಸ ಮಾಡಿದವರು, ಸುಗ್ಗಿಯಲ್ಲಿ ಪೇಟೆಗೆ ಹೋಗಿ ಮೆಣಸಿನಕಾಯಿ ತೊಟ್ಟು ಬಿಡಿಸಿದವರು. ಎಂಟು ವರ್ಷಗಳಿಂದ ಎರಡೂ ಮೊಣಕಾಲು ನೋವು, ಬಲಗಾಲಿನದು ಹೆಚ್ಚು. ಸಕ್ಕರೆ ಕಾಯಿಲೆಯೂ ಇದೆ. ಔಷಧ ಅಂಗಡಿಯಿಂದ ತಂದ ನೋವಿನ ಗುಳಿಗೆ ದಿನವೂ ನುಂಗುತ್ತಾರೆ. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್-ರೇ ನೋಡಿದ ವೈದ್ಯರು ಎರಡೂ ಕೀಲು ಒಟ್ಟಿಗೇ ಬದಲಿಸಬೇಕು, ರೋಬೋಟ್ ಸಹಾಯದಿಂದ ಮಾಡುತ್ತೇವೆ ಎಂದರು. ಏನಾದರೂ ಕೇಳುವುದಿದೆಯೇ ಎಂದಾಗ ಖರ್ಚೆಷ್ಟು ಎಂಬುದರ ಹೊರತು ನಮಗೆ ಏನೂ ತೋಚಲಿಲ್ಲ. ನಮ್ಮ ಓಣಿಯ ಒಬ್ಬರಿಗೆ ಇದೇ ಆಪರೇಷನ್ ಆಗಿ ವರ್ಷ ಕಳೆದರೂ ನೋವು ಹೋಗಿಲ್ಲ. ಅದನ್ನು ನೋಡಿ ಅವ್ವ ಹೆದರಿದ್ದಾರೆ. ಎರಡು ವಾರದಲ್ಲಿ ಮತ್ತೆ ಹೋಗಬೇಕು. ಏನೇನು ಕೇಳಬೇಕು?

ಉತ್ತರ: ಹುಬ್ಬಳ್ಳಿ-ಧಾರವಾಡದಲ್ಲಿ ಎಲುಬು ಮತ್ತು ಕೀಲುಗಳ ಶಸ್ತ್ರವೈದ್ಯನಾಗಿ ಮೂವತ್ತು ವರ್ಷ ಮೇಜಿನ ಈ ಬದಿಯಲ್ಲಿ ಕುಳಿತವನು ನಾನು. ನಿಮ್ಮಂತೆ ಏನೂ ತೋಚದೆ ಎದ್ದು ಹೋದ ಎಷ್ಟೋ ಮನೆತನಗಳನ್ನು ಕಂಡಿದ್ದೇನೆ. ಅದರಲ್ಲಿ ಅವರ ತಪ್ಪಿಗಿಂತ ನಮ್ಮ ತಪ್ಪೇ ಹೆಚ್ಚು. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ನಾವು ಕೇಳಿದ್ದಕ್ಕೆ ಉತ್ತರ ಕೊಡುತ್ತೇವೆ, ಕೇಳದ್ದನ್ನು ಹೇಳುವುದಿಲ್ಲ. ಆದ್ದರಿಂದ ಕೇಳಬೇಕಾದ್ದನ್ನು ನೀವೇ ಹೊತ್ತುಕೊಂಡು ಹೋಗಬೇಕು.

ಮೊದಲಿಗೆ ಒಂದು ಮಾತು. ಸವೆತದಿಂದ ನೋಯುವ ಮೊಣಕಾಲಿನ ಶಸ್ತ್ರಚಿಕಿತ್ಸೆ ಅವಸರದ್ದಲ್ಲ. ಎಂಟು ವರ್ಷ ತಡೆದವರು ಇನ್ನೆರಡು ತಿಂಗಳು ತಡೆದರೆ ಸಾಮಾನ್ಯವಾಗಿ ಕಳೆದುಕೊಳ್ಳುವುದು ಏನೂ ಇರುವುದಿಲ್ಲ. ಕಾಲು ದಿನೇ ದಿನೇ ಡೊಂಕಾಗುತ್ತಿದ್ದರೆ ಅಥವಾ ಮೊಣಕಾಲು ಪೂರ್ತಿ ನೀಡಲು ಬಾರದಂತಾಗುತ್ತಿದ್ದರೆ ಬಹಳ ತಡಮಾಡಬಾರದು, ಅಷ್ಟೇ. ಈ ವಾರವೇ ದಿನಾಂಕ ಗೊತ್ತುಪಡಿಸಿ ಎಂದು ಯಾರಾದರೂ ಒತ್ತಾಯಿಸಿದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ನಿಮ್ಮ ಮೊದಲ ಪ್ರಶ್ನೆ ಹೀಗಿರಲಿ: "ಅವ್ವನ ನೋವು ಪೂರ್ತಿ ಈ ಕೀಲಿನಿಂದಲೇ ಬರುತ್ತಿದೆಯೇ? ಅದು ನಿಮಗೆ ಹೇಗೆ ಗೊತ್ತಾಯಿತು?" ಇದು ಉದ್ಧಟತನದ ಪ್ರಶ್ನೆಯಲ್ಲ. ಎಕ್ಸ್-ರೇ ಕೀಲಿನ ಆಕಾರವನ್ನು ತೋರಿಸುತ್ತದೆ, ನೋವನ್ನು ತೋರಿಸುವುದಿಲ್ಲ. ಎರಡು ಎಲುಬುಗಳ ನಡುವಿನ ಜಾಗ ಎಷ್ಟು ಕಡಿಮೆಯಾಗಿದೆ, ಅಂಚಿನಲ್ಲಿ ಎಲುಬು ಎಷ್ಟು ಬೆಳೆದಿದೆ ಎಂಬುದನ್ನು ನೋಡಿ ಸವೆತಕ್ಕೆ ಒಂದರಿಂದ ನಾಲ್ಕರವರೆಗೆ ಹಂತ ಕೊಡುವ ಪದ್ಧತಿ 1957ರಿಂದ ನಡೆದುಬಂದಿದೆ. ನಿಮಗೂ "ನಾಲ್ಕನೇ ಗ್ರೇಡ್" ಎಂದು ಹೇಳಿರಬಹುದು. ಆದರೆ ನಾಲ್ಕನೇ ಹಂತದ ಕಾಲಿನಲ್ಲಿ ಸಂತೆ ಸುತ್ತಿ ಬರುವವರಿದ್ದಾರೆ, ಎರಡನೇ ಹಂತದಲ್ಲೇ ರಾತ್ರಿ ನಿದ್ದೆ ಬಾರದೆ ನರಳುವವರೂ ಇದ್ದಾರೆ. ಸೊಂಟದ ಕೀಲು ಸವೆದಿದ್ದರೆ ನೋವು ಮೊಣಕಾಲಿನಲ್ಲಿ ಕಾಣಿಸಿಕೊಳ್ಳಬಹುದು, ಬೆನ್ನಿನಲ್ಲಿ ನರ ಒತ್ತಿದ್ದರೆ ತೊಡೆ ಮತ್ತು ಮೊಣಕಾಲಿನ ಸುತ್ತ ಉರಿ, ಜುಮ್ಮು ಬರಬಹುದು. ಅಂಥವರಿಗೆ ಮೊಣಕಾಲು ಎಷ್ಟು ಚೆನ್ನಾಗಿ ಬದಲಿಸಿದರೂ ನೋವು ಇದ್ದಲ್ಲೇ ಇರುತ್ತದೆ. ವೈದ್ಯರು ಅವ್ವನನ್ನು ಮಂಚದ ಮೇಲೆ ಮಲಗಿಸಿ ಸೊಂಟದ ಕೀಲು ತಿರುಗಿಸಿ ನೋಡಿದರೇ, ಬೆನ್ನು ಪರೀಕ್ಷಿಸಿದರೇ, ನಾಲ್ಕು ಹೆಜ್ಜೆ ನಡೆಸಿ ನೋಡಿದರೇ, ಎಕ್ಸ್-ರೇಯನ್ನು ನಿಲ್ಲಿಸಿ ತೆಗೆಸಿದರೇ ಎಂಬುದನ್ನು ನೆನಪಿಸಿಕೊಳ್ಳಿ. ಮಲಗಿಸಿ ತೆಗೆದ ಎಕ್ಸ್-ರೇಯಲ್ಲಿ ಮೈಭಾರ ಬಿದ್ದಾಗ ಕೀಲಿನ ಸ್ಥಿತಿ ಏನಾಗುತ್ತದೆ ಎಂಬುದು ಸರಿಯಾಗಿ ತಿಳಿಯುವುದಿಲ್ಲ. ಇವು ಆಗಿರದಿದ್ದರೆ ಮುಂದಿನ ಭೇಟಿಯಲ್ಲಿ "ಸೊಂಟ, ಬೆನ್ನು ಒಮ್ಮೆ ನೋಡಿರಿ" ಎಂದು ವಿನಯದಿಂದಲೇ ಕೇಳಿ.

ಇದೇ ಎಳೆಯಲ್ಲಿ ಇನ್ನೊಂದು ಸಂಗತಿಯಿದೆ. ವರ್ಷಗಟ್ಟಲೆ ಉಳಿದ ನೋವು ಬರೀ ಕೀಲಿನ ವಿಷಯವಾಗಿ ಉಳಿಯುವುದಿಲ್ಲ. ನರಗಳು ಮತ್ತು ಮೆದುಳು ನೋವಿಗೆ ಹದಗೊಂಡು ಸೂಕ್ಷ್ಮವಾಗುತ್ತವೆ, ಸಣ್ಣ ಒತ್ತಡವೂ ದೊಡ್ಡ ನೋವಾಗಿ ತಿಳಿಯತೊಡಗುತ್ತದೆ. ಅವ್ವನಿಗೆ ಮೊಣಕಾಲಲ್ಲದೆ ಮೈಯೆಲ್ಲ ನೋಯುತ್ತದೆಯೇ, ನಿದ್ದೆ ಸರಿಯಾಗಿ ಬರುತ್ತದೆಯೇ, ಮನಸ್ಸು ಕುಗ್ಗಿದೆಯೇ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ. ನಮ್ಮ ಕಡೆಯ ಹೆಣ್ಣುಮಕ್ಕಳು ಮನಸ್ಸಿನ ಬೇಸರವನ್ನು ಎಲುಬಿನ ಡಾಕ್ಟರ ಮುಂದೆ ಹೇಳುವುದೇ ಇಲ್ಲ. ಹೇಳಿದರೆ ಶಸ್ತ್ರಚಿಕಿತ್ಸೆ ತಪ್ಪಿಹೋಗುತ್ತದೆ ಎಂದೇನಲ್ಲ. ಆದರೆ ಅದಕ್ಕೂ ಚಿಕಿತ್ಸೆ ಮೊದಲೇ ಶುರುವಾಗುತ್ತದೆ, ಆಪರೇಷನ್ನಿನಿಂದ ಎಷ್ಟು ನಿರೀಕ್ಷಿಸಬಹುದು ಎಂಬ ಅಂದಾಜೂ ಸರಿಯಾಗುತ್ತದೆ.

ನಿಮ್ಮ ಓಣಿಯವರ ವಿಷಯ ಇಲ್ಲಿಗೇ ಬರುತ್ತದೆ. ಪೂರ್ಣ ಕೀಲು ಬದಲಾವಣೆ ಒಳ್ಳೆಯ ಶಸ್ತ್ರಚಿಕಿತ್ಸೆ. ಸರಿಯಾದವರಿಗೆ ಮಾಡಿದಾಗ ಅದು ಬದುಕನ್ನೇ ಮರಳಿ ಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ಹೆಚ್ಚುಕಡಿಮೆ ಐದು ಜನರಲ್ಲಿ ಒಬ್ಬರಿಗೆ ತಿಂಗಳುಗಳ ನಂತರವೂ ಗಣನೀಯ ನೋವು ಉಳಿದಿರುತ್ತದೆ. ಕೆಲವರಲ್ಲಿ ಸೋಂಕು, ಕೀಲು ಸಡಿಲಾಗುವುದು, ಜೋಡಣೆಯ ದೋಷದಂಥ ಕಾರಣ ಸಿಗುತ್ತದೆ. ಕೆಲವರಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಆದ್ದರಿಂದ ಎರಡನೆಯ ಪ್ರಶ್ನೆ: "ಅವ್ವನ ನೋವಿನಲ್ಲಿ ಎಷ್ಟು ಪಾಲು ಹೋಗಬಹುದು, ಎಷ್ಟು ಉಳಿಯಬಹುದು? ಉಳಿದರೆ ನೀವು ಮುಂದೆ ಏನು ಮಾಡುತ್ತೀರಿ?" ನೂರಕ್ಕೆ ನೂರು ಹೋಗುತ್ತದೆ ಎಂಬ ಉತ್ತರ ಬಂದರೆ ನನಗಂತೂ ಸಮಾಧಾನವಾಗುವುದಿಲ್ಲ. "ಬಹುಮಟ್ಟಿಗೆ ಹೋಗುತ್ತದೆ, ಆದರೆ ಇಂತಿಂಥ ಕಾರಣಕ್ಕೆ ಸ್ವಲ್ಪ ಉಳಿಯಬಹುದು" ಎನ್ನುವ ವೈದ್ಯರ ಮಾತಿನ ಮೇಲೆ ನೀವು ಹೆಚ್ಚು ಭಾರ ಹಾಕಬಹುದು. ಓಣಿಯವರಿಗೂ ಒಂದು ಮಾತು ತಿಳಿಸಿ: ವರ್ಷವಾದರೂ ನೋವಿದ್ದರೆ ಅದನ್ನು ಹಣೆಬರಹವೆಂದು ಬಿಡದೆ, ಸೋಂಕು ಇಲ್ಲವೆಂಬುದನ್ನಾದರೂ ರಕ್ತಪರೀಕ್ಷೆಯಿಂದ ಖಾತ್ರಿ ಮಾಡಿಕೊಳ್ಳಬೇಕು.

ಮೂರನೆಯ ಪ್ರಶ್ನೆಯನ್ನು ನಾನು ಕಲಿತದ್ದು ನನ್ನ ರೋಗಿಯೊಬ್ಬರಿಂದ. ಗದಗ ಕಡೆಯ ಹಿರಿಯರು, ಬಲಮೊಣಕಾಲು ಬದಲಿಸಿದ್ದೆ. ನಾಲ್ಕು ತಿಂಗಳ ನಂತರ ಬಂದರು. ಗಾಯದ ಗುರುತು ಸಣ್ಣ ದಾರದಂತೆ ಮಾಯ್ದಿತ್ತು, ಎಕ್ಸ್-ರೇ ಪಾಠಪುಸ್ತಕದ ಚಿತ್ರದಂತಿತ್ತು, ಕೋಲಿಲ್ಲದೆ ನಡೆದುಬಂದಿದ್ದರು. ನಾನು ಸಂತೋಷಪಡುತ್ತಿರುವಾಗ ಅವರು ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆಯನ್ನು ಹಿಡಿದುಕೊಂಡು ಹೇಳಿದರು: "ಡಾಕ್ಟರ್ ಸಾಹೇಬ್ರ, ನಡಿಯೂದು ಛಲೋ ಆತ್ರಿ. ಆದ್ರ ಲಿಂಗಪೂಜಿಗೆ ನೆಲದ ಮ್ಯಾಲೆ ಕುಂಡ್ರಾಕ ಬರವಲ್ದು. ಐವತ್ತು ವರ್ಷ ಕುಂತೇನ್ರಿ. ಇದನ್ನ ಮೊದಲ ಹೇಳಬೇಕಿತ್ರಿ." ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡಲು ಅವರು ಒಗ್ಗಿಕೊಂಡರು, ಆದರೆ ಆ ಮಾತು ನನ್ನೊಳಗೆ ಉಳಿಯಿತು. ಅಂದಿನಿಂದ ನಾನು ಯಾರಿಗೂ ಮೊದಲು ಅವರ ದಿನಚರಿ ಕೇಳದೆ ದಿನಾಂಕ ಕೊಡಲಿಲ್ಲ.

ಬದಲಿಸಿದ ಕೀಲು ಸಾಮಾನ್ಯವಾಗಿ 110ರಿಂದ 120 ಡಿಗ್ರಿಯಷ್ಟು ಮಡಚುತ್ತದೆ. ನಡೆಯಲು, ಮೆಟ್ಟಿಲು ಹತ್ತಲು, ಕುರ್ಚಿಯಿಂದ ಏಳಲು ಅದು ಸಾಕು. ಕುಕ್ಕರುಗಾಲಿನಲ್ಲಿ ಕೂರಲು ಅದಕ್ಕಿಂತ ಬಹಳ ಹೆಚ್ಚು ಮಡಚಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ಕೆಲವರಿಗೆ ಸಾಧ್ಯವಾದರೂ ಹೆಚ್ಚಿನ ವೈದ್ಯರು ಬೇಡವೆನ್ನುತ್ತಾರೆ, ಏಕೆಂದರೆ ಒಳಗಿನ ಪ್ಲಾಸ್ಟಿಕ್ ಭಾಗದ ಮೇಲೆ ಒತ್ತಡ ಹೆಚ್ಚುತ್ತದೆ. ಆದ್ದರಿಂದ ಇವತ್ತು ರಾತ್ರಿಯೇ ಅವ್ವನ ಪಕ್ಕದಲ್ಲಿ ಕುಳಿತು ಆಕೆಯ ಒಂದು ದಿನವನ್ನು ಬೆಳಗಿನಿಂದ ಬರೆದುಕೊಳ್ಳಿ. ಪಾಯಖಾನೆ ಯಾವ ತರಹದ್ದು? ಬಚ್ಚಲಲ್ಲಿ ನಿಂತು ಸ್ನಾನವೇ, ಕುಳಿತೇ? ರೊಟ್ಟಿ ಬಡಿಯುವುದು ನೆಲದ ಒಲೆಯ ಮುಂದೆಯೇ, ಕಟ್ಟೆಯ ಮೇಲೆಯೇ? ತೊಟ್ಟು ಬಿಡಿಸುವಾಗ ಎಷ್ಟು ತಾಸು ಒಂದೇ ಭಂಗಿಯಲ್ಲಿ ಕೂರುತ್ತಾರೆ? ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವಾಗ ಯಾವ ಕಾಲು ಮೊದಲು ಇಡುತ್ತಾರೆ? ಆಕೆಗೆ ಮತ್ತೆ ಮಾಡಲೇಬೇಕೆನಿಸುವ ಕೆಲಸ ಯಾವುದು? ಆ ಹಾಳೆಯನ್ನು ವೈದ್ಯರ ಮುಂದಿಟ್ಟು, "ಇವುಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಗೆರೆ ಎಳೆದು ಕೊಡಿರಿ" ಎಂದು ಕೇಳಿ. ಇಷ್ಟು ವರ್ಷಗಳ ಅನುಭವದಲ್ಲಿ ಇದಕ್ಕಿಂತ ಉಪಯುಕ್ತವಾದ ಕಾಗದವನ್ನು ಯಾವ ರೋಗಿಯೂ ನನ್ನ ಮುಂದೆ ಇಟ್ಟಿಲ್ಲ. ಪೇಟೆಯಲ್ಲಿ ನೆಲದ ಮೇಲೆ ಕೂರುವ ಕೆಲಸಕ್ಕೆ ಮರಳುವುದೇ ಅವ್ವನ ಆಸೆಯಾಗಿದ್ದರೆ, ಅದು ಆಗದ ಮಾತು ಎಂಬುದು ಈಗಲೇ ತಿಳಿಯುವುದು ಒಳ್ಳೆಯದು.

ನಂತರ ಕೇಳಬೇಕಾದದ್ದು, "ಈಗ ಮಾಡಿಸದಿದ್ದರೆ ಏನು ದಾರಿ? ಅದನ್ನೆಲ್ಲ ನಾವು ಸರಿಯಾಗಿ ಮಾಡಿ ನೋಡಿದ್ದೇವೆಯೇ?" ಎಂದು. ನಿಮ್ಮ ಪತ್ರದಲ್ಲಿ ವ್ಯಾಯಾಮದ ಹೆಸರೇ ಇಲ್ಲ. ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿತು ಎರಡು-ಮೂರು ತಿಂಗಳು ಬಿಡದೆ ಮಾಡಿದವರಲ್ಲಿ ಅನೇಕರಿಗೆ ನೋವು ಇಳಿಯುತ್ತದೆ. ಇಳಿಯದಿದ್ದರೂ ಆ ಶ್ರಮ ವ್ಯರ್ಥವಲ್ಲ, ಗಟ್ಟಿಯಾದ ತೊಡೆ ಶಸ್ತ್ರಚಿಕಿತ್ಸೆಯ ನಂತರ ಬೇಗ ಎದ್ದು ನಿಲ್ಲಿಸುತ್ತದೆ. ಸುಲಭದ್ದೊಂದನ್ನು ಇಂದೇ ಶುರು ಮಾಡಬಹುದು: ಕಾಲು ನೀಡಿ ಕುಳಿತು ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡುವುದು; ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೈಭಾರ ಹೆಚ್ಚಿದ್ದರೆ ಒಂದು ಕಿಲೋ ಇಳಿದರೂ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಹೊರೆ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ.

ದಿನವೂ ನುಂಗುವ ಆ ಗುಳಿಗೆಯ ಬಗ್ಗೆ ನನಗೆ ಆತಂಕವಿದೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಜಾತಿಯ ಗುಳಿಗೆಗಳನ್ನು ಸಕ್ಕರೆ ಕಾಯಿಲೆಯವರು ವರ್ಷಗಟ್ಟಲೆ ಕೇಳದೆ ತೆಗೆದುಕೊಂಡರೆ ಮೂತ್ರಪಿಂಡಕ್ಕೂ ಹೊಟ್ಟೆಗೂ ಪೆಟ್ಟು ಬೀಳುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಿದರೂ ಬಿಟ್ಟರೂ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನು ಈ ವಾರವೇ ಮಾಡಿಸಿ.

ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರಗಳ ಮಟ್ಟಿಗೆ ಆರಾಮ ಕೊಡಬಹುದು. ಆದರೆ ಅದನ್ನು ತೆಗೆದುಕೊಂಡ ಮೂರು ತಿಂಗಳೊಳಗೆ ಕೀಲು ಬದಲಿಸಿದರೆ ಸೋಂಕಿನ ಅಪಾಯ ಹೆಚ್ಚು. ಅವ್ವನಿಗೆ ಯಾವ ಊರಲ್ಲಾದರೂ ಯಾರಾದರೂ ಮೊಣಕಾಲಿಗೆ ಸೂಜಿ ಚುಚ್ಚಿದ್ದರೆ ದಿನಾಂಕ ಸಮೇತ ಹೇಳಿ. ಸವೆದ ಕೀಲಿಗೆ ದುರ್ಬೀನು ಹಾಕಿ ಒಳಗೆ ತೊಳೆಯುವ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ಒಳ್ಳೆಯ ಅಧ್ಯಯನಗಳು ತೋರಿಸಿವೆ. ನಿಮ್ಮದೇ ರಕ್ತದಿಂದ ಗಾದಿ ಬೆಳೆಸುತ್ತೇವೆ ಎಂಬ ದುಬಾರಿ ಇಂಜೆಕ್ಷನ್ನುಗಳು ಸವೆದ ಆ ಗಾದಿಯನ್ನು, ಅಂದರೆ ಮೃದ್ವಸ್ಥಿಯನ್ನು, ಮರಳಿ ಬೆಳೆಸುತ್ತವೆ ಎಂಬುದಕ್ಕೂ ಪುರಾವೆ ಇಲ್ಲ. ಸವೆತ ಒಳಬದಿಗೆ ಮಾತ್ರ ಸೀಮಿತವಾಗಿದ್ದರೆ ಅರ್ಧ ಕೀಲನ್ನಷ್ಟೇ ಬದಲಿಸುವ ದಾರಿಯುಂಟು. ಅದು ಅವ್ವನಿಗೆ ಹೊಂದುತ್ತದೆಯೇ, ಹೊಂದದಿದ್ದರೆ ಏಕೆ ಎಂದು ಕೇಳಿ.

"ಎರಡನ್ನೂ ಒಟ್ಟಿಗೇ ಏಕೆ?" ಎಂಬ ಪ್ರಶ್ನೆಯನ್ನು ಬಿಡಬೇಡಿ. ಒಟ್ಟಿಗೆ ಮಾಡಿದರೆ ಒಂದೇ ಸಲ ಅರಿವಳಿಕೆ, ಒಂದೇ ಸಲ ಆಸ್ಪತ್ರೆವಾಸ, ಮನೆಯವರಿಗೆ ಒಂದೇ ಸಲ ಕೆಲಸ ಬಿಡುವ ಕಷ್ಟ. ಖರ್ಚೂ ಕೆಲಮಟ್ಟಿಗೆ ಕಡಿಮೆ. ಆದರೆ ರಕ್ತ ಹೆಚ್ಚು ಹೋಗುತ್ತದೆ, ಹೃದಯಕ್ಕೂ ಶ್ವಾಸಕೋಶಕ್ಕೂ ಹೊರೆ ಹೆಚ್ಚು, ಮತ್ತು ಊರಿ ನಿಲ್ಲಲು ಒಂದೂ ಗಟ್ಟಿ ಕಾಲು ಉಳಿದಿರುವುದಿಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ ಇದೆ, ನೋವು ಬಲಗಾಲಿನಲ್ಲೇ ಹೆಚ್ಚು. ಇಂಥವರಿಗೆ ನಾನಾಗಿದ್ದರೆ ಮೊದಲು ಬಲಗಾಲು ಮಾಡಿ, ಕೆಲವು ತಿಂಗಳು ನೋಡಿ, ಎಡಗಾಲಿನ ಮಾತು ಆಮೇಲೆ ಆಡುತ್ತಿದ್ದೆ. ಒಂದು ಕಾಲು ನೆಟ್ಟಗಾದ ಮೇಲೆ ಇನ್ನೊಂದರ ಹೊರೆ ಇಳಿದು, ಎರಡನೆಯದನ್ನು ಮುಂದೂಡಿದವರೂ ಇದ್ದಾರೆ. ಎರಡೂ ಕಾಲು ತೀರಾ ಡೊಂಕಾಗಿದ್ದರೆ ಒಟ್ಟಿಗೆ ಮಾಡುವುದಕ್ಕೇ ಅರ್ಥವಿರಬಹುದು, ಆಗ ವೈದ್ಯರು ಅದನ್ನು ಬಿಡಿಸಿ ಹೇಳಬಲ್ಲರು. ಹೃದಯದ ಎಕೋ ಪರೀಕ್ಷೆಯ ವರದಿಯನ್ನು ನೋಡಿಯೇ ಇದನ್ನು ತೀರ್ಮಾನಿಸಬೇಕು.

ಸೋಂಕಿನ ಬಗ್ಗೆ ನೇರವಾಗಿ ಕೇಳಿ. ನೂರರಲ್ಲಿ ಒಬ್ಬಿಬ್ಬರಿಗೆ ಕೀಲಿನೊಳಗೆ ಆಳವಾದ ಸೋಂಕು ಆಗುತ್ತದೆ. ಸಂಖ್ಯೆ ಸಣ್ಣದಾದರೂ ಆದವರ ಪಾಡು ದೊಡ್ಡದು, ಹಾಕಿದ ಕೀಲನ್ನು ತೆಗೆದು ಮತ್ತೆ ಹಾಕಬೇಕಾಗಬಹುದು. ಇದನ್ನು ತಗ್ಗಿಸುವ ಕೆಲಸ ಬಹಳಷ್ಟು ನಿಮ್ಮ ಕೈಯಲ್ಲೂ ಇದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.5 ಅಥವಾ 8ರ ಒಳಗೆ ಬರಲಿ ಎಂದು ಹೆಚ್ಚಿನ ಶಸ್ತ್ರವೈದ್ಯರು ಬಯಸುತ್ತಾರೆ. ನಿಮ್ಮ ವೈದ್ಯರ ಮಿತಿ ಎಷ್ಟು ಎಂದು ಕೇಳಿ. ಹುಳುಕು ಹಲ್ಲು, ಮೂತ್ರದ ಉರಿ, ಕಾಲ್ಬೆರಳ ಸಂದಿನ ಹುಣ್ಣು ಮೊದಲೇ ವಾಸಿಯಾಗಬೇಕು. ಮನೆಗೆ ಹೋದೊಡನೆ ಅವ್ವನ ಹಿಮ್ಮಡಿ ತಿರುಗಿಸಿ ನೋಡಿ. ಹೊಲದಲ್ಲಿ ದುಡಿದ ಹೆಣ್ಣುಮಕ್ಕಳ ಹಿಮ್ಮಡಿಯಲ್ಲಿ ಕಡ್ಡಿ ತೂರುವಷ್ಟು ಆಳದ ಒಡಕುಗಳಿರುತ್ತವೆ, ಅದರೊಳಗೆ ಎರೆಮಣ್ಣು ಕೂತಿರುತ್ತದೆ. ಅದೂ ಸೋಂಕಿನ ಬಾಗಿಲೇ. ದಿನವೂ ಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಸಿದರೆ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತವೆ. ಎಲೆ-ಅಡಿಕೆಯ ಜೊತೆ ತಂಬಾಕಿನ ಅಭ್ಯಾಸವಿದ್ದರೆ ಅದನ್ನು ಬಿಡಬೇಕು, ಗಾಯ ಮಾಯುವುದಕ್ಕೆ ಅದು ಅಡ್ಡಿ. ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ಯಾವಾಗ ನಿಲ್ಲಿಸಬೇಕೆಂದು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ.

ರೋಬೋಟ್ ವಿಷಯದಲ್ಲಿ ನಾನು ಹೆಚ್ಚು ಹೇಳುವುದಿಲ್ಲ. ಅದರಿಂದ ಎಲುಬು ಕತ್ತರಿಸುವ ಅಳತೆ ಇನ್ನಷ್ಟು ನಿಖರವಾಗುತ್ತದೆ, ಆದರೆ ವರ್ಷಗಳ ನಂತರ ರೋಗಿಯ ನೋವು ಇನ್ನೂ ಕಡಿಮೆಯಿರುತ್ತದೆ ಎಂಬುದು ಸ್ಪಷ್ಟವಾಗಿ ಸಾಬೀತಾಗಿಲ್ಲ. ಉಪಕರಣಕ್ಕಿಂತ ಕೈ ಮುಖ್ಯ. "ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ? ಆಪರೇಷನ್ ಪೂರ್ತಿ ನೀವೇ ಮಾಡುತ್ತೀರಾ?" ಎಂದು ಕೇಳಲು ಸಂಕೋಚಪಡಬೇಡಿ, ಇದೇ ಕೆಲಸವನ್ನು ಹೆಚ್ಚು ಮಾಡುವವರಲ್ಲಿ ತೊಡಕುಗಳು ಕಡಿಮೆ. ಕೀಲಿನ ಬಾಳಿಕೆಯ ಚಿಂತೆಯೂ ಅತಿಯಾಗಿ ಬೇಡ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಪೂರ್ಣ ಕೀಲುಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ. ಅವು ಹೊರದೇಶಗಳ ದಾಖಲೆಗಳು, ಅಲ್ಲಿಯವರು ನೆಲದ ಮೇಲೆ ಕೂರುವವರಲ್ಲ ಎಂಬುದನ್ನು ಮಾತ್ರ ನೆನಪಿಡಿ.

ಖರ್ಚಿನ ವಿಷಯ. ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮೊಣಕಾಲಿನ ಕೃತಕ ಕೀಲುಗಳಿಗೆ ಬೆಲೆಯ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಆದ್ದರಿಂದ ಅಂದಾಜು ಪಟ್ಟಿಯಲ್ಲಿ ಕೀಲಿನ ಬೆಲೆ, ಶಸ್ತ್ರವೈದ್ಯರ ಶುಲ್ಕ, ರೋಬೋಟ್ ಶುಲ್ಕ, ಕೋಣೆ, ಔಷಧ, ಫಿಸಿಯೋಥೆರಪಿಗಳನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಹಣ ಹೊಂದಿಸುವ ಮೊದಲು ಹಾವೇರಿ ಜಿಲ್ಲಾ ಆಸ್ಪತ್ರೆ ಅಥವಾ ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯಲ್ಲಿ, ಸರ್ಕಾರಿ ಆರೋಗ್ಯ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕಂಡು, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಈ ಶಸ್ತ್ರಚಿಕಿತ್ಸೆ ಎಲ್ಲಿ, ಯಾವ ಷರತ್ತಿನ ಮೇಲೆ ದೊರೆಯುತ್ತದೆಂದು ವಿಚಾರಿಸಿ. ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲದೆ ಮೊದಲೇ ಖಾಸಗಿಯಲ್ಲಿ ದಾಖಲಾದರೆ ಅದು ಕೈತಪ್ಪಬಹುದು.

ಆಪರೇಷನ್ ನಂತರದ ಆರು ವಾರಗಳ ಬಗ್ಗೆ ಹೆಚ್ಚಿನವರು ಏನೂ ಕೇಳುವುದಿಲ್ಲ, ಗೆಲುವು-ಸೋಲು ಅಲ್ಲೇ ಇದೆ. ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನವೇ ವಾಕರ್ ಹಿಡಿದು ನಡೆಸುತ್ತಾರೆ. ಆಮೇಲೆ ಮೊಣಕಾಲು ಮಡಚುವ, ನೀಡುವ ವ್ಯಾಯಾಮ ದಿನವೂ ನಡೆಯಬೇಕು, ಅದು ನೋಯುತ್ತದೆ. ನೋವಿಗೆ ಹೆದರಿ ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಂಡು ಮಲಗಿದವರ ಕಾಲು ಮಡಚಿದಂತೆಯೇ ಬಿಗಿದುಕೊಳ್ಳುತ್ತದೆ. "ಮನೆಗೆ ಹೋದ ಮೇಲೆ ನೋವಿಗೆ ಏನು ಕೊಡುತ್ತೀರಿ? ನಮ್ಮ ಊರಿನ ಹತ್ತಿರ ವ್ಯಾಯಾಮ ಮಾಡಿಸುವವರು ಯಾರು? ಮೀನಖಂಡ ಬಾತರೆ, ಉಸಿರು ಕಟ್ಟಿದರೆ, ಗಾಯ ಒಸರಿದರೆ ರಾತ್ರಿಯಲ್ಲಿ ಯಾರಿಗೆ ಫೋನ್ ಮಾಡಬೇಕು?" ಈ ಮೂರನ್ನೂ ಕೇಳಿ, ನಂಬರನ್ನು ಬರೆಸಿಕೊಳ್ಳಿ. ಬ್ಯಾಡಗಿಯಿಂದ ಹುಬ್ಬಳ್ಳಿಗೆ ವಾರಕ್ಕೆ ಮೂರು ಸಲ ಬರುವುದು ನಡೆಯದ ಮಾತು, ರಾಣೆಬೆನ್ನೂರು ಅಥವಾ ಹಾವೇರಿಯಲ್ಲಿ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಗಾಯದ ಹೊರಬದಿಯಲ್ಲಿ ಚರ್ಮ ಮರಗಟ್ಟಿದಂತಿರುವುದು, ನಡೆಯುವಾಗ ಟಕ್ ಎಂಬ ಸಣ್ಣ ಸದ್ದು ಕೇಳುವುದು ಸಾಮಾನ್ಯ, ಅದಕ್ಕೆ ಹೆದರಬೇಕಾಗಿಲ್ಲ. ಚೇತರಿಕೆ ಪೂರ್ತಿಯಾಗಲು ವರ್ಷವೂ ಹಿಡಿಯಬಹುದು. ಮನೆಯಲ್ಲಿ ಎಲ್ಲರೂ ಪೇಟೆಗೆ ಓಡುವ ಮೆಣಸಿನಕಾಯಿ ಸುಗ್ಗಿಯಲ್ಲಿ ದಿನಾಂಕ ಇಟ್ಟುಕೊಳ್ಳಬೇಡಿ, ಅವ್ವನನ್ನು ಏಳಿಸಿ ಕೂರಿಸುವವರು ಒಬ್ಬರಾದರೂ ಬೇಕು.

ಕೋಣೆಯೊಳಗೆ ಹೋದಾಗ ಅವ್ವನೇ ಮಾತಾಡಲಿ. ನೋವು ಎಲ್ಲಿ ಎಂದು ವೈದ್ಯರು ಕೇಳಿದರೆ ಆಕೆಯೇ ಬೆರಳಿಟ್ಟು ತೋರಿಸಲಿ, ನೀವು ಪಕ್ಕದಲ್ಲಿ ಬರೆದುಕೊಳ್ಳಿ. ಪ್ರಶ್ನೆಗಳಲ್ಲಿ ಮೂರನ್ನು ಮೇಲೆ ಬರೆಯಿರಿ: ನೋವು ಈ ಕೀಲಿನದೇ, ಎಷ್ಟು ಹೋಗುತ್ತದೆ, ಅವ್ವನ ದಿನದಲ್ಲಿ ಏನು ಆಗುತ್ತದೆ ಏನು ಆಗುವುದಿಲ್ಲ. ಸಮಯ ಸಾಲದಿದ್ದರೆ ಉಳಿದವನ್ನು ಇನ್ನೊಮ್ಮೆ ಬಂದು ಕೇಳಬಹುದು. ವೈದ್ಯರು ಸಿಡುಕಿದರೆ ಜಗಳಕ್ಕೆ ಇಳಿಯದೆ ಎಕ್ಸ್-ರೇ ಮತ್ತು ಚೀಟಿ ಕೇಳಿ ಪಡೆದು, ಇನ್ನೊಬ್ಬ ಎಲುಬಿನ ಡಾಕ್ಟರರ ಅಭಿಪ್ರಾಯ ತೆಗೆದುಕೊಳ್ಳಿ. ನನ್ನ ರೋಗಿಗಳು ಬೇರೆಯವರನ್ನು ಕೇಳಿ ಬರುತ್ತೇವೆಂದಾಗ ನಾನೇ ಪತ್ರ ಬರೆದು ಕೊಡುತ್ತಿದ್ದೆ.

ಹೋಗುವ ಹಿಂದಿನ ರಾತ್ರಿ ಒಂದೇ ಕೈಚೀಲದಲ್ಲಿ ಎಕ್ಸ್-ರೇ, ಸಕ್ಕರೆಯ ವರದಿಗಳು, ಅವ್ವನ ದಿನಚರಿಯ ಹಾಳೆ, ಮತ್ತು ಆಕೆ ನುಂಗುವ ಎಲ್ಲ ಗುಳಿಗೆಗಳ ಖಾಲಿ ಸ್ಟ್ರಿಪ್ಪುಗಳನ್ನು, ಔಷಧ ಅಂಗಡಿಯವರು ಹೆಸರಿಲ್ಲದೆ ಕಾಗದದಲ್ಲಿ ಕಟ್ಟಿಕೊಟ್ಟದ್ದಿದ್ದರೆ ಅದನ್ನೂ ಸೇರಿಸಿ, ಇಟ್ಟುಕೊಳ್ಳಿ.